ಕಳೆ ಎಣ್ಣೆ ಊರ ನೀರಿಗೆ ಸೇರದಂತೆ ಕಾಯುವುದು ಹೇಗೆ

ಸಿಂಧನೂರು ತಾಲ್ಲೂಕಿನ ಒಂದು ಊರಿನಲ್ಲಿ ನಾನು 14 ವರ್ಷದಿಂದ ನೀರು ಬಿಡುವ ಕೆಲಸ ಮಾಡುತ್ತಿದ್ದೇನೆ. ಎರಡು ಎಕರೆ ಭತ್ತದ ಗದ್ದೆಯೂ ಇದೆ. ಅಂದ್ರೆ ಕಳೆ ಎಣ್ಣೆ, ಅಂದರೆ ಕಳೆ ಸಾಯಿಸುವ ಔಷಧಿ, ಹಾಕುವವನೂ ನಾನೇ, ಕುಡಿಯುವ ನೀರನ್ನು ಊರಿಗೆ ಬಿಡುವವನೂ ನಾನೇ.

ಒಂದು ಆಗಸ್ಟ್ ತಿಂಗಳು, ನಾಟಿ ಜೋರಾಗಿತ್ತು. ಬೆಳಿಗ್ಗೆ ಕೆಳಗಿನ ಓಣಿಯ ಅಜ್ಜಿ ಸ್ಟೀಲ್ ಕೊಡ ಹೊತ್ತು ಪಂಪ್‌ಹೌಸ್‌ಗೆ ಬಂದರು. "ನೋಡಪಾ, ನೀರಾಗ ಹಾಲು ಹಿಂಡಿದಂಗ ಐತಿ" ಅಂದರು. ಕೊಡ ಬಗ್ಗಿಸಿ ನೋಡಿದೆ. ಮೇಲೆ ತೆಳ್ಳನೆಯ ಬಿಳಿ ಎಳೆಗಳು ಸುತ್ತುತ್ತಿದ್ದವು. ಮೂಗಿಗೆ ಸೀಮೆಎಣ್ಣೆಯಂಥ ವಾಸನೆ. ಆ ವಾಸನೆ ನನಗೆ ಗೊತ್ತು. ಹಿಂದಿನ ವಾರವಷ್ಟೇ ನನ್ನ ಗದ್ದೆಗೆ ಅದೇ ಎಣ್ಣೆ ಹಾಕಿದ್ದೆ.

ಕೆರೆ ಚೆನ್ನಾಗಿತ್ತು, ಟ್ಯಾಂಕ್ ಚೆನ್ನಾಗಿತ್ತು. ಓಣಿಯ ಎತ್ತರದ ತುದಿಯ ಮನೆಯಲ್ಲಿ ಒಬ್ಬರು ನಲ್ಲಿಗೆ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ಪ್ರೇಯರ್ ಒಳಗೆ ಮುಳುಗಿಸಿ ಬಿಟ್ಟಿದ್ದರು. ಎಣ್ಣೆ ಮೊದಲೇ ಸುರಿದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು, ಪಂಪ್ ನಿಂತಿತು. ಲೈನ್‌ನಲ್ಲಿದ್ದ ನೀರು ತಗ್ಗಿನ ಮನೆಗಳ ನಲ್ಲಿಯಲ್ಲಿ ಇಳಿದು ಹೋಯಿತು. ಹೋಗುವಾಗ ಮೇಲಿನ ನಲ್ಲಿಯಿಂದ ಸ್ಪ್ರೇಯರ್‌ನ ನೀರನ್ನು ಎಳೆದುಕೊಂಡಿತು. ಸೈಕಲ್ ಟ್ಯೂಬ್ ಬಾಯಲ್ಲಿ ಎಳೆದು ಡ್ರಮ್ಮಿನ ನೀರು ಇಳಿಸುತ್ತೇವಲ್ಲ, ಅದೇ ಕ್ರಿಯೆ. ಬೇಕಂತ ಯಾರೂ ಮಾಡಿದ್ದಲ್ಲ. ಆದರೆ ಅಜ್ಜಿ ಆ ಕೊಡದ ನೀರು ಮೊಮ್ಮಕ್ಕಳಿಗೆ ಕೊಟ್ಟಿದ್ದರೆ ಅಂತ ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಅದಕ್ಕೇ ಮೊದಲು ನಲ್ಲಿಯಿಂದ ಶುರು ಮಾಡಿ. ಸ್ಪ್ರೇಯರ್‌ಗೆ ನಲ್ಲಿಯಿಂದ ನೇರವಾಗಿ ನೀರು ಹಿಡಿಯಲೇಬೇಡಿ. ಬೇರೆ ಡ್ರಮ್ ಇಡಿ, ಅದಕ್ಕೆ ನೀರು ತುಂಬಿ, ಅಲ್ಲಿಂದ ಬಕೆಟ್‌ನಲ್ಲಿ ಹೊತ್ತು ಹಾಕಿ. ಡ್ರಮ್ ತುಂಬುವಾಗಲೂ ಪೈಪಿನ ತುದಿ ನೀರಿಗೆ ತಾಗಬಾರದು, ಒಂದು ಗೇಣು ಮೇಲಿರಲಿ. ಎಣ್ಣೆ ಬೆರೆಸುವುದು ಹೊಲದಲ್ಲೇ ಆಗಲಿ, ಮನೆ ಮುಂದೆ ಬೇಡ. ನಮ್ಮ ಊರಿನಲ್ಲಿ ಈಗ ಓಣಿ ಲೈನ್‌ಗಳಿಗೆ ಎನ್‌ಆರ್‌ವಿ ಹಾಕಿಸಿದ್ದೇವೆ. ಹಿಂದೆ ಹರಿಯುವ ನೀರನ್ನು ತಡೆಯುವ ವಾಲ್ವ್ ಅದು. ಒಂದು ಓಣಿಯ ತಪ್ಪು ಇಡೀ ಊರಿಗೆ ಹೋಗುವುದಿಲ್ಲ. ಓಣಿಯ ಒಳಗೆ ಮಾತ್ರ ಆ ಒಂದು ಗೇಣಿನ ಅಂತರವೇ ಕಾಯಬೇಕು.

ಇಷ್ಟು ಸಣ್ಣದಕ್ಕೆ ಇಷ್ಟು ಭಯ ಯಾಕೆ ಅಂತ ಕೇಳುವವರಿದ್ದಾರೆ. ಲೆಕ್ಕ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಪಟ್ಟಿಯಲ್ಲಿ ಕಳೆ ಎಣ್ಣೆಗಳಿಗೂ ಮಿತಿ ಇದೆ: ಒಂದು ಲೀಟರ್ ನೀರಿಗೆ ಬ್ಯೂಟಾಕ್ಲೋರ್ 125 ಮೈಕ್ರೋಗ್ರಾಂ, 2,4-ಡಿ 30 ಮೈಕ್ರೋಗ್ರಾಂ, ಅಟ್ರಜಿನ್ ಬರೀ 2 ಮೈಕ್ರೋಗ್ರಾಂ. ಒಂದು ಗ್ರಾಂ ಅಂದ್ರೆ ಹತ್ತು ಲಕ್ಷ ಮೈಕ್ರೋಗ್ರಾಂ. ನಮ್ಮ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದು. ಅದನ್ನು ಮಿತಿ ಮುಟ್ಟಿಸಲು ಶೇಕಡಾ 50ರ ಬ್ಯೂಟಾಕ್ಲೋರ್ ಸುಮಾರು 12 ಮಿ.ಲೀ. ಸಾಕು, ಅಂದ್ರೆ ಸುಮಾರು ಒಂದು ಮುಚ್ಚಳದಷ್ಟು. ಮೆಕ್ಕೆಜೋಳಕ್ಕೆ ಹಾಕುವ ಶೇಕಡಾ 50ರ ಅಟ್ರಜಿನ್ ಪುಡಿಯಾದರೆ ಗ್ರಾಮಿನ ಐದನೇ ಒಂದು ಭಾಗ, ಒಂದು ಚಿಟಿಕೆ. ಬಾಟಲಿಯ ತಳದಲ್ಲಿ ಉಳಿಯುವುದೇ ಅದಕ್ಕಿಂತ ಜಾಸ್ತಿ ಇರುತ್ತದೆ ಅಲ್ವಾ?

ಖಾಲಿ ಬಾಟಲಿಯನ್ನು ಕಾಲುವೆಯಲ್ಲಿ ತೊಳೆಯುವುದನ್ನು ನಾನು ಕಂಡಾಗಲೆಲ್ಲ ನಿಲ್ಲಿಸಿ ಹೇಳುತ್ತೇನೆ. ಮೂರು ಸಲ ತೊಳೆಯಿರಿ, ಮೂರೂ ಸಲದ ನೀರನ್ನು ಸ್ಪ್ರೇಯರ್‌ಗೇ ಹಾಕಿ, ಗದ್ದೆಗೇ ಹೋಗಲಿ. ದುಡ್ಡು ಕೊಟ್ಟ ಎಣ್ಣೆ ಅದು. ಬಾಟಲಿಗೆ ತೂತು ಹೊಡೆಯಿರಿ, ಯಾರೂ ಮತ್ತೆ ನೀರಿಗೆ, ಅಡುಗೆ ಎಣ್ಣೆಗೆ ಬಳಸದ ಹಾಗೆ.

ಗದ್ದೆಯಲ್ಲಿ ಇನ್ನೊಂದು ಮಾತು. ನಾಟಿ ಆದ ಮೂರ್ನಾಲ್ಕು ದಿನಕ್ಕೆ ಮರಳಿನಲ್ಲಿ ಕಲಸಿ ಎರಚುತ್ತೇವಲ್ಲ, ಆಗ ಗದ್ದೆಯಲ್ಲಿ ನಿಂತ ನೀರನ್ನು ಒಂದು ವಾರ ಹೊರಗೆ ಬಿಡಬೇಡಿ. ಎಣ್ಣೆ ಮಣ್ಣಿಗೆ ಹಿಡಿಯಬೇಕು. ಕಳೆ ಸಾಯುವುದೂ ಆಗಲೇ. ಬದು ಒಡೆದಿದ್ದರೆ ಮೊದಲು ಕಟ್ಟಿ, ಆಮೇಲೆ ಎರಚಿ. ಮೋಡ ಕಟ್ಟಿದ್ದರೆ ಎರಡು ದಿನ ತಡೆಯಿರಿ. ಬಸಿಗಾಲುವೆಗೆ ಹೋದ ನೀರು ಹಳ್ಳಕ್ಕೆ ಸೇರುತ್ತದೆ. ಹಳ್ಳದಿಂದ ನೀರು ಎತ್ತುವ ಊರು ಕೆಳಗೆ ಇದ್ದೇ ಇರುತ್ತದೆ.

ಇನ್ನು ಕೆರೆ. ಮುನಿರಾಬಾದ್‌ನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಬಯಲು ದಾಟಿ ಬರುತ್ತದೆ. ಕಾಲುವೆ ಬಂದ್ ಆದ ಮೇಲೆ ಬೇಸಿಗೆ ಪೂರ್ತಿ ನಮಗೆ ಕೆರೆಯೇ ಗತಿ. ಹಾಗಾಗಿ ಕಾಲುವೆ ನೀರನ್ನು ಕೆರೆಗೆ ಬಿಡುವ ತೂಬನ್ನು ಯಾವ ದಿನ ಎತ್ತುತ್ತೇವೆ ಅನ್ನುವುದೇ ಮುಖ್ಯ. ಮಳೆಗಾಲದಲ್ಲಿ ಕಾಲುವೆಗೆ ಬಿಟ್ಟ ಮೊದಲ ನೀರನ್ನು ನಾನು ಕೆರೆಗೆ ತೆಗೆದುಕೊಳ್ಳುವುದಿಲ್ಲ. ಒಣಗಿದ ಕಾಲುವೆಯ ಕಸ, ಬಾಟಲಿ, ಎಲ್ಲಾ ಅದರಲ್ಲೇ ಬರುತ್ತದೆ. ನಾಲ್ಕೈದು ದಿನ ಹರಿದು ಹೋಗಲಿ. ಮೇಲಿನ ಗದ್ದೆಗಳಲ್ಲಿ ಎಣ್ಣೆ ಎರಚುವ ಎರಡು ಮೂರು ವಾರವೂ ತೂಬು ಮುಚ್ಚಿಯೇ ಇರುತ್ತದೆ, ಕೆರೆಯಲ್ಲಿ ನೀರು ಇದ್ದರೆ. ಬೇಸಿಗೆಗೆ ತುಂಬಿಸುವುದು ಮಾರ್ಚ್‌ನಲ್ಲಿ. ಆಗ ಎರಡನೇ ಬೆಳೆ ತೆನೆಗೆ ಬಂದಿರುತ್ತದೆ, ಕಳೆ ಎಣ್ಣೆಯ ಕಾಲ ಮುಗಿದಿರುತ್ತದೆ.

ಕೆರೆ ಏರಿಯ ಹುಲ್ಲಿಗೆ ಎಣ್ಣೆ ಹೊಡೆಯಬೇಡಿ. ಬೇಗ ಆಗುತ್ತದೆ, ಖರ್ಚು ಕಡಿಮೆ ಅಂತ ಹೇಳುತ್ತಾರೆ. ಒಂದು ಮಳೆ ಬಂದರೆ ಅಷ್ಟೂ ಕೆರೆಗೇ. ಕುಡುಗೋಲಿನಲ್ಲಿ ಕೊಯ್ಯಿಸಿ, ದನಕ್ಕೂ ಆಗುತ್ತದೆ. ಏರಿಗೂ ಗದ್ದೆಗೂ ನಡುವೆ ಮೂವತ್ತು ಅಡಿ ಹುಲ್ಲಿನ ಪಟ್ಟಿ ಹಾಗೇ ಬಿಟ್ಟರೆ ಅದು ಹರಿದು ಬರುವ ನೀರನ್ನು ನಿಧಾನ ಮಾಡುತ್ತದೆ.

ಇಷ್ಟಾದರೂ ನೀರಿನ ಮೇಲೆ ಅನುಮಾನ ಬಂದರೆ? ಮೊದಲು ವಾಲ್ವ್ ಮುಚ್ಚಿ. ಡಂಗುರ, ಮೈಕ್, ವಾಟ್ಸಾಪ್, ಯಾವುದಾದರೂ ಸರಿ, ಕುಡಿಯಬೇಡಿ ಅಂತ ಹೇಳಿಸಿ. ಕುದಿಸಿದರೆ ಸರಿಯಾಗುತ್ತದೆ ಅಂತ ಮಾತ್ರ ಹೇಳಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕಳೆ ಎಣ್ಣೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗಬಹುದು. ಬ್ಲೀಚಿಂಗ್ ಪೌಡರ್, ಪಟಿಕ, ಮರಳಿನ ಫಿಲ್ಟರ್ ಯಾವುದನ್ನೂ ಇದಕ್ಕೆ ನಂಬಬೇಡಿ. ಶುದ್ಧ ನೀರಿನ ಘಟಕದ ಇದ್ದಿಲು ಬ್ಯೂಟಾಕ್ಲೋರ್, ಅಟ್ರಜಿನ್‌ನಂಥವನ್ನು ಹಿಡಿಯುತ್ತದೆ, ಆದರೆ ಇದ್ದಿಲು ಹಳೆಯದಾಗಿದ್ದರೆ ಇಲ್ಲ. ಗ್ಲೈಫೋಸೇಟ್ ಅನ್ನುವ ಕಳೆ ಎಣ್ಣೆ ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ, ಅದಕ್ಕೆ ಆರ್‌ಓ ಮೆಂಬ್ರೇನ್ ಚೆನ್ನಾಗಿರಬೇಕು. ಎರಡನ್ನೂ ಕೊನೆಗೆ ಯಾವಾಗ ಬದಲಾಯಿಸಿದಿರಿ ಅಂತ ಘಟಕದವರನ್ನು ಕೇಳಿ, ತಾರೀಖು ಬರೆಸಿಕೊಳ್ಳಿ.

ಯಾರಾದರೂ ಕುಡಿದು ವಾಂತಿ, ತಲೆಸುತ್ತು ಅಂದರೆ ಬಲವಂತವಾಗಿ ಮತ್ತೆ ವಾಂತಿ ಮಾಡಿಸಬೇಡಿ. ಎಣ್ಣೆಯ ಬಾಟಲಿ ಸಿಕ್ಕರೆ ಅದನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಲೇಬಲ್ ಬೇಕು.

ಟ್ಯಾಂಕ್ ಖಾಲಿ ಮಾಡುವ ಮೊದಲು ಮಾದರಿ ಹಿಡಿಯಿರಿ. ಅವತ್ತು ನಾನು ಗಾಬರಿಯಲ್ಲಿ ಲೈನ್ ಪೂರ್ತಿ ತೊಳೆದುಬಿಟ್ಟೆ. ಪರೀಕ್ಷೆಗೆ ಕೊಡಲು ಅಜ್ಜಿಯ ಕೊಡದ ನೀರೂ ಉಳಿಯಲಿಲ್ಲ. ಒಂದು ಲೀಟರಿನ ಕಂದು ಗಾಜಿನ ಬಾಟಲಿ ಬೇಕು, ಪ್ಲಾಸ್ಟಿಕ್ ಬೇಡ. ಕೆಲವು ಎಣ್ಣೆ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ. ಲ್ಯಾಬಿನವರೇ ಬಾಟಲಿ ಕೊಟ್ಟರೆ ಇನ್ನೂ ಒಳ್ಳೆಯದು. ಅದರೊಳಗೆ ಪುಡಿ ಹಾಕಿ ಕೊಟ್ಟಿದ್ದರೆ ತೊಳೆಯಬೇಡಿ, ಅದು ಕ್ಲೋರಿನ್ ಕಳೆಯಲು ಹಾಕಿದ್ದು. ಅಂದು ಎಣ್ಣೆ ಮುಟ್ಟಿದ ಕೈಯಲ್ಲಿ ಹಿಡಿಯಬೇಡಿ. ಐಸ್ ಇಟ್ಟ ಡಬ್ಬಿಯಲ್ಲಿ, ಬಿಸಿಲು ತಾಗದ ಹಾಗೆ, ಅದೇ ದಿನ ಮುಟ್ಟಿಸಿ.

ಪಂಚಾಯಿತಿಯಲ್ಲಿರುವ ಪರೀಕ್ಷಾ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತದೆ. ಕಳೆ ಎಣ್ಣೆ ತೋರಿಸುವುದಿಲ್ಲ. ಕಿಟ್‌ನಲ್ಲಿ ಸರಿ ಬಂತು ಅಂತ ಸುಮ್ನೆ ಕೂರಬೇಡಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಪ್ರಯೋಗಾಲಯ ಇದೆ. ಅಲ್ಲಿ ಮೊದಲು ವಿಚಾರಿಸಿ. "ನೀರು ಪರೀಕ್ಷಿಸಿ" ಅಂತಷ್ಟೇ ಬರೆದರೆ ಸಾಲದು, ಎಣ್ಣೆಯ ಹೆಸರು ಬರೆಯಬೇಕು. ಹುಡುಕಲು ಹೇಳದ್ದನ್ನು ಯಂತ್ರ ಹುಡುಕುವುದಿಲ್ಲ. ಆ ಹಂಗಾಮಿನಲ್ಲಿ ಯಾವ ಎಣ್ಣೆ ಹೆಚ್ಚು ಮಾರಿದಿರಿ ಅಂತ ಗೊಬ್ಬರದಂಗಡಿಯಲ್ಲಿ ಕೇಳಿದರೆ ಪಟ್ಟಿ ಸಿಗುತ್ತದೆ.

ನಾನು ಪಂಪ್‌ಹೌಸ್‌ನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ತೂಬು ಎತ್ತಿದ ದಿನ, ಮುಚ್ಚಿದ ದಿನ, ಮಳೆ ಬಂದ ದಿನ, ಕೆರೆ ಸುತ್ತಲಿನ ಯಾವ ಗದ್ದೆಗೆ ಯಾವಾಗ ಯಾವ ಎಣ್ಣೆ ಬಿತ್ತು, ಎಲ್ಲಾ ಬರೆಯುತ್ತೇನೆ. ಮೊದಲ ವರ್ಷ ರೈತರನ್ನು ನಾನೇ ಹುಡುಕಿಕೊಂಡು ಹೋಗಿ ಕೇಳುತ್ತಿದ್ದೆ. ಈಗ ಎಣ್ಣೆ ಹಾಕುವ ಹಿಂದಿನ ಸಂಜೆಯೇ ಫೋನ್ ಬರುತ್ತದೆ: "ನಾಳಿ ಹಾಕತೀವಿ, ತೂಬು ಮುಚ್ಚೀಯಿಲ್ಲ?"