ಹಳೆಯ ಜೀಪಿನ ಬಣ್ಣ ತೆಗೆಯುವ ಮುನ್ನ

ಕೊಡಗಿನ ತೋಟದ ಮನೆಗಳಲ್ಲಿ ಉಳಿದಿರುವ ಹಳೆಯ ಜೀಪು, ಅಂಬಾಸಿಡರ್‌ಗಳನ್ನು ಹೊಸದಾಗಿಸುವ ಅವಸರದಲ್ಲಿ ಇಡೀ ಬಾಡಿಯನ್ನು ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಮರಳು ಸಿಡಿಸಿ ಬಣ್ಣ ಕೀಳುವುದಕ್ಕೆ) ಕೊಟ್ಟು, ಅಲೆಯಲೆಯಾಗಿ ಉಬ್ಬಿದ ಬಾನೆಟ್ಟನ್ನು ಮರಳಿ ತಂದವರನ್ನು ನೋಡಿದ್ದೇನೆ. ಮರಳಿನ ಏಟಿಗೆ ತೆಳು ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡನ್ನು ಸರಿಪಡಿಸುವುದು ಒಳ್ಳೆಯ ಟಿಂಕರ್‌ಗೂ ಕಷ್ಟ. ಬ್ಲಾಸ್ಟಿಂಗ್ ಚಾಸಿ, ಆಕ್ಸಲ್, ರಿಮ್‌ಗಳಿಗಷ್ಟೇ ಇರಲಿ. ಬಾನೆಟ್, ಬಾಗಿಲು, ಮಡ್‌ಗಾರ್ಡ್‌ಗಳಿಗೆ ಬಣ್ಣ ಎಬ್ಬಿಸುವ ರಾಸಾಯನಿಕ, ಅಂದರೆ ಪೇಂಟ್ ರಿಮೂವರ್ ಬಳಸಬೇಕು.

ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಇಟ್ಟುಕೊಳ್ಳಿ. ಅದು ಕಾಫಿ ಒಣಗಿಸುವ ಕಾಲವೂ ಹೌದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಕಣದ ಹತ್ತಿರವಾಗಲಿ ಬಾವಿಯ ಬಳಿಯಾಗಲಿ ಈ ಕೆಲಸ ಬೇಡ.

ಮೊದಲು ಗಾಜು, ರಬ್ಬರ್, ದೀಪಗಳನ್ನು ಬಿಚ್ಚಿಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ತಗಡುಗಳು ಕೂಡುವ ಸಂದುಗಳ ಮೇಲೂ ಅಂಚುಗಳ ಮೇಲೂ ಒಂದು ಬೆರಳಗಲ ಮುಚ್ಚುವಂತೆ ಟೇಪ್ ಅಂಟಿಸಬೇಕು. ಸಂದಿನೊಳಗೆ ಇಳಿದ ರಿಮೂವರ್ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಸ ಬಣ್ಣ ಬಳಿದ ಮೇಲೆ ನಿಧಾನವಾಗಿ ಹೊರಬಂದು ಅದೇ ಜಾಗದಲ್ಲಿ ಗುಳ್ಳೆ ಏಳಿಸುತ್ತದೆ. ಉಳಿದ ಮೇಲ್ಮೈಯನ್ನು ಒರಟು ಎಮರಿ ಕಾಗದದಿಂದ ನೀರು ಹಾಕಿ ಗೀರಿ, ಒಣಗಿಸಿ, ರಿಮೂವರನ್ನು ದಪ್ಪವಾಗಿ ಒಂದೇ ದಿಕ್ಕಿನಲ್ಲಿ ಬಳಿಯಿರಿ. ಬಳಿದದ್ದರ ಮೇಲೆ ಮತ್ತೆ ಬ್ರಷ್ ಆಡಿಸಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅದು ಬೇಗ ಆರುವುದಿಲ್ಲ. ಬಣ್ಣ ಸುಕ್ಕುಗಟ್ಟಿ ಎದ್ದಾಗ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎತ್ತಿ, ಉಳಿದಲ್ಲಿ ಮತ್ತೊಮ್ಮೆ ಬಳಿಯಿರಿ. ಒಳಗೆ ತಗ್ಗು ತುಂಬಲು ಹಾಕಿದ ಹಳೆಯ ಪುಟ್ಟಿ ಕಂಡರೆ ಅದನ್ನೂ ಪೂರ್ತಿ ಕಿತ್ತುಹಾಕಿ. ರಿಮೂವರ್ ಕುಡಿದ ಪುಟ್ಟಿಯ ಮೇಲೆ ಬಣ್ಣ ನಿಲ್ಲುವುದಿಲ್ಲ. ಕೊನೆಗೆ ಟೇಪ್ ತೆಗೆದು ಅಂಚುಗಳನ್ನು 80ನೇ ನಂಬರಿನ ಎಮರಿಯಿಂದ ಕೈಯಲ್ಲೇ ಉಜ್ಜಿ.

ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರಿನ ಆವಿ ಮುಚ್ಚಿದ ಶೆಡ್ಡಿನಲ್ಲಿ ಪ್ರಾಣಕ್ಕೇ ಅಪಾಯ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅದಿಲ್ಲದ ರಿಮೂವರನ್ನೇ ಕೇಳಿ ಪಡೆಯಿರಿ, ನಿಧಾನವಾದರೂ ಚಿಂತೆಯಿಲ್ಲ. ಅದನ್ನೂ ಬಯಲಿನಲ್ಲೇ, ದಪ್ಪ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು ಬಳಸಿ. ಲೇಬಲ್ ಇಲ್ಲದ ಬಿಡಿ ರಿಮೂವರ್ ಖಂಡಿತ ಬೇಡ. ಗ್ಯಾಸ್ ಟಾರ್ಚ್‌ನಿಂದ ಬಣ್ಣ ಸುಡುವ ಅಡ್ಡದಾರಿಯೂ ಬೇಡ, ತಗಡು ಸೊಟ್ಟಗಾಗುವುದರ ಜೊತೆಗೆ ಸೀಸದ ಹೊಗೆ ಏಳುತ್ತದೆ.

ಮಡಿಕೇರಿಯ ಒಂದು ರಾತ್ರಿಯ ಮಂಜು ಸಾಕು, ಬರಿ ತಗಡಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಹಿಡಿಯಲು. ಆ ದಿನವೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಲೇಪ) ಹೊಡೆಯಲಾಗುವಷ್ಟು ಭಾಗದ ಬಣ್ಣವನ್ನು ಮಾತ್ರ ತೆಗೆಯಿರಿ. ರಿಮೂವರ್ ಡಬ್ಬಿಯ ಮೇಲೆ ಹೇಳಿದಂತೆ ತೊಳೆದು, ಕಂಪ್ರೆಸರ್ ಗಾಳಿಯಿಂದ ಒಣಗಿಸಿ, ಥಿನ್ನರ್ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಸಂಜೆಯ ತಂಪು ಏರುವ ಮೊದಲೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಹೊಸ ಪುಟ್ಟಿ ಬೇಕಾದಲ್ಲಿ ಈ ಪ್ರೈಮರ್ ಗಟ್ಟಿಯಾದ ಮೇಲೆ, ಅದನ್ನು ಹಗುರವಾಗಿ ಉಜ್ಜಿ ಹಾಕಿಸಿ.