ನೀರು ಕಟ್ಟುವ ರಾತ್ರಿಗಳಲ್ಲಿ ಗುರುಗ್ರಹ

ನಮ್ಮ ಜಮೀನು ಪಾಂಡವಪುರದ ಕಡೆ. ಕಬ್ಬು ಜಾಸ್ತಿ, ಸ್ವಲ್ಪ ಭತ್ತ. ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಹಾಗಾಗಿ ಚಳಿಗಾಲದ ಎಷ್ಟೋ ರಾತ್ರಿಗಳನ್ನು ನಾನು ಹೊಲದಲ್ಲೇ ಕಳೆಯುತ್ತೇನೆ. ಒಂದು ತಾಕಿಗೆ ನೀರು ತಿರುಗಿಸಿದರೆ ಅದು ತುಂಬುವವರೆಗೆ ಒಂದು ಗಂಟೆಯೋ ಒಂದೂವರೆ ಗಂಟೆಯೋ ಬಿಡುವು. ಗುರುಗ್ರಹವನ್ನೂ ಅದರ ನಾಲ್ಕು ದೊಡ್ಡ ಚಂದ್ರರನ್ನೂ ನೋಡಲು ನಾನು ಕಲಿತದ್ದು ಆ ಬಿಡುವಿನಲ್ಲಿ.

ಟೆಲಿಸ್ಕೋಪ್ ಇರುವ ಬಹಳ ಜನ ಗುರುವನ್ನು ಒಂದು ಸಲ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದು, ಮುಂದಕ್ಕೆ ಹೋಗುತ್ತಾರೆ. ಗುರು ಗಂಟೆಗಂಟೆಗೂ ಬದಲಾಗುವ ಗ್ರಹ. ಒಂದೇ ರಾತ್ರಿಯಲ್ಲಿ ಎರಡು ಮೂರು ಸಲ ನೋಡಬೇಕು, ವಾರಗಟ್ಟಲೆ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಆಗಲೇ ಅದರ ಸೊಗಸು ಗೊತ್ತಾಗುವುದು. ಅದಕ್ಕೆ ದೊಡ್ಡ ಸಲಕರಣೆ ಬೇಡ.

ನನ್ನ ಹತ್ತಿರ ಇರುವುದು ಆರು ಇಂಚಿನ ಡಾಬ್ಸೋನಿಯನ್. ಕನ್ನಡಿ ಇರುವ ಉದ್ದನೆಯ ಕೊಳವೆ, ಕೆಳಗೆ ಮರದ ಪೀಠ, ಅಷ್ಟೇ. ಇದರಲ್ಲಿ ಮೋಟರ್ ಇಲ್ಲ, ಕೈಯಿಂದಲೇ ತಿರುಗಿಸಬೇಕು. ಕಣ್ಣಿಟ್ಟು ನೋಡುವ ಮಸೂರಕ್ಕೆ ಐಪೀಸ್ ಅನ್ನುತ್ತಾರೆ. 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗುರುವಿಗೆ ಇಷ್ಟು ಸಾಕು.

ಎಲ್ಲಿಟ್ಟು ನೋಡುತ್ತೀರಿ ಅನ್ನುವುದು ಬಹಳ ಮುಖ್ಯ. ಮನೆಯ ತಾರಸಿಯ ಮೇಲಿಟ್ಟರೆ ಚಿತ್ರ ಕುದಿಯುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ, ಆ ಬಿಸಿ ಗಾಳಿಯಲ್ಲಿ ಗ್ರಹದ ಅಂಚು ನಡುಗುತ್ತದೆ. ಹೊಲದಲ್ಲಿ ಸುತ್ತ ಬೆಳೆ, ಹಸಿ ಮಣ್ಣು. ಅಲ್ಲಿ ಚಿತ್ರ ನಿಲ್ಲುತ್ತದೆ. ಮೋಟರ್ ಮನೆಯ ಪಕ್ಕದ ಕಣವೇ ನನ್ನ ಜಾಗ. ಸಂಜೆಯೇ ಟೆಲಿಸ್ಕೋಪನ್ನು ಹೊರಗೆ ಇಟ್ಟುಬಿಡುತ್ತೇನೆ. ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಲು ಮುಕ್ಕಾಲು ಗಂಟೆಯಾದರೂ ಬೇಕು.

ನಮ್ಮ ಕಡೆ ಎರಡು ಕಾಟ. ಒಂದು ಆಲೆಮನೆಯ ಹೊಗೆ. ಗಾಳಿ ನಮ್ಮ ಕಡೆ ಬೀಸಿದರೆ ಒಂಬತ್ತರವರೆಗೆ ಕಾಯುವುದೇ ವಾಸಿ. ಇನ್ನೊಂದು ಇಬ್ಬನಿ. ಭತ್ತದ ಗದ್ದೆ, ನಾಲೆ ಹತ್ತಿರ ಇದ್ದರೆ ನಡುರಾತ್ರಿಯ ಹೊತ್ತಿಗೆ ಐಪೀಸ್ ಮಂಜಾಗುತ್ತದೆ. ಯೋಗಕ್ಕೆ ಬಳಸುವ ಮ್ಯಾಟ್ ಕತ್ತರಿಸಿ ಕೊಳವೆಯ ಬಾಯಿಗೆ ಸುತ್ತಿದ್ದೇನೆ. ಬಳಸದ ಐಪೀಸ್ ಅಂಗಿ ಜೇಬಿನಲ್ಲಿರುತ್ತದೆ, ಮೈ ಬಿಸಿಗೆ ಅದು ಮಂಜಾಗುವುದಿಲ್ಲ.

ಕಳೆದ ಚಳಿಗಾಲ ಗುರು ಪುನರ್ವಸುವಿನ ಎರಡು ನಕ್ಷತ್ರಗಳ ಹತ್ತಿರ ಇತ್ತು. 2026ರ ಜನವರಿ 10ಕ್ಕೆ ಸೂರ್ಯನ ನೇರ ಎದುರಿಗೆ ಬಂದಿತ್ತು. ಅಂದರೆ ಸೂರ್ಯ ಮುಳುಗುವಾಗ ಗುರು ಹುಟ್ಟುತ್ತದೆ, ರಾತ್ರಿಯಿಡೀ ಸಿಗುತ್ತದೆ. ಆಗ ಅದು ನಮ್ಮಿಂದ ಸುಮಾರು 63 ಕೋಟಿ ಕಿಲೋಮೀಟರ್ ದೂರ. ಅಲ್ಲಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ಬೀಳಲು 35 ನಿಮಿಷ ಬೇಕು. ಮಂಡ್ಯ, ಮೈಸೂರಿನವರಿಗೆ ಇಂಥ ವರ್ಷ ದೊಡ್ಡ ಅನುಕೂಲ. ನಡುರಾತ್ರಿಯಲ್ಲಿ ಗುರು ನೆತ್ತಿಯಿಂದ ಉತ್ತರಕ್ಕೆ ಹತ್ತು ಡಿಗ್ರಿಯಷ್ಟೇ ವಾಲಿರುತ್ತದೆ. ಅಷ್ಟು ಎತ್ತರದಲ್ಲಿದ್ದರೆ ನಾವು ನೋಡಬೇಕಾದ ಗಾಳಿಯ ಪದರ ಕಡಿಮೆ, ಚಿತ್ರ ಚೊಕ್ಕ. ಯುರೋಪಿನ ಊರುಗಳವರಿಗೆ ಈ ಎತ್ತರ ಸಿಗುವುದೇ ಇಲ್ಲ. ಆದರೆ ಡಾಬ್ಸೋನಿಯನ್ ಅನ್ನು ನೆತ್ತಿಯ ಹತ್ತಿರ ತಿರುಗಿಸುವುದು ಕಷ್ಟ. ಸ್ವಲ್ಪ ಸರಿಸಲು ಇಡೀ ಪೀಠವನ್ನೇ ಸುತ್ತಬೇಕಾಗುತ್ತದೆ. ಅದಕ್ಕೇ ನಾನು ಹತ್ತೂವರೆಗೆ ಮುಂಚೆ ಒಂದು ಸಲ, ಒಂದೂವರೆ ದಾಟಿದ ಮೇಲೆ ಒಂದು ಸಲ ನೋಡುತ್ತಿದ್ದೆ. ನೀರು ತಿರುಗಿಸುವ ಹೊತ್ತೂ ಹೆಚ್ಚುಕಡಿಮೆ ಅದೇ.

ಮೊದಲು ಗ್ರಹದ ವಿಷಯ. 48 ಪಟ್ಟಿನಲ್ಲೇ ಒಂದು ಗೊತ್ತಾಗುತ್ತದೆ: ಗುರು ಪೂರ್ತಿ ಗುಂಡಗಿಲ್ಲ. ನಡು ಉಬ್ಬಿದೆ, ಧ್ರುವಗಳು ಅದುಮಿವೆ. ಸಮಭಾಜಕದಲ್ಲಿ ಅಡ್ಡಳತೆ 1,42,984 ಕಿ.ಮೀ., ಧ್ರುವದಿಂದ ಧ್ರುವಕ್ಕೆ 1,33,708 ಕಿ.ಮೀ. ಭೂಮಿಗಿಂತ ಹನ್ನೊಂದು ಪಟ್ಟು ಅಗಲದ ಈ ಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಆ ವೇಗಕ್ಕೇ ನಡು ಉಬ್ಬಿರುವುದು. ಅಲ್ಲಿ ಕಾಲಿಡಲು ನೆಲವಿಲ್ಲ. ಹೈಡ್ರೋಜನ್, ಹೀಲಿಯಂ ಕೆಳಗಿಳಿದಂತೆ ಒತ್ತಡಕ್ಕೆ ದಟ್ಟವಾಗುತ್ತಾ, ಕೊನೆಗೆ ಹೈಡ್ರೋಜನ್ನೇ ಲೋಹದ ಹಾಗೆ ವಿದ್ಯುತ್ ಹರಿಸುವ ದ್ರವವಾಗುತ್ತದೆ. ನಾವು ನೋಡುವುದು ಬರೀ ಮೇಲಿನ ಮೋಡ.

ಆ ಮೋಡಗಳಲ್ಲಿ ಎರಡು ಕಂದು ಪಟ್ಟೆ ಸುಲಭವಾಗಿ ಕಾಣುತ್ತವೆ, ಸಮಭಾಜಕದ ಆಚೆಗೊಂದು ಈಚೆಗೊಂದು. ಬಿಳಿ ಪಟ್ಟೆಗಳಲ್ಲಿ ಅಮೋನಿಯಾ ಹರಳುಗಳ ಮೋಡ ಎತ್ತರದಲ್ಲಿ ದಟ್ಟವಾಗಿದೆ. ಕಂದು ಪಟ್ಟೆಗಳಲ್ಲಿ ಆ ಹೊದಿಕೆ ತೆಳು, ಕೆಳಗಿನ ಮೋಡ ಕಾಣುತ್ತದೆ. ಹೆಚ್ಚಿನ ವಿವರ ಬೇಕಾದರೆ ಕಣ್ಣು ಐಪೀಸಿಗಿಟ್ಟು ಸುಮ್ನೆ ಕೂರಬೇಕು. ಗಾಳಿ ಎರಡು ಮೂರು ಕ್ಷಣ ನಿಂತಾಗ ಪಟ್ಟೆಯ ಅಂಚಿನ ಕೊಂಕು, ಗಂಟು ಎಲ್ಲ ಒಮ್ಮೆಲೇ ತೆರೆದುಕೊಳ್ಳುತ್ತದೆ. ಆಮೇಲೆ ಮತ್ತೆ ಮಸುಕು.

ದೊಡ್ಡ ಕೆಂಪು ಚುಕ್ಕೆಯನ್ನು ಹಿಡಿಯಲು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಅದು ಗುರುವಿನ ಜೊತೆ ಸುಮಾರು 9 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಐದು ಸುತ್ತಿಗೆ 49 ಗಂಟೆ 40 ನಿಮಿಷ. ಹಾಗಾಗಿ ಇವತ್ತು ರಾತ್ರಿ ಒಂಬತ್ತಕ್ಕೆ ನಡುವೆ ಕಂಡರೆ, ನಾಳಿದ್ದು ಹತ್ತು ನಲವತ್ತಕ್ಕೆ ಅಲ್ಲೇ ಇರುತ್ತದೆ. ಕೆಂಪು ಅಂತ ಹೆಸರಿದ್ದರೂ ನನ್ನ ಟೆಲಿಸ್ಕೋಪಿನಲ್ಲಿ ತಿಳಿ ಕಿತ್ತಳೆ ಬಣ್ಣ. ಬಣ್ಣಕ್ಕಿಂತ ಮೊದಲು ಕಾಣುವುದು ಅದು ದಕ್ಷಿಣದ ಪಟ್ಟೆಯಲ್ಲಿ ಕೊರೆದ ಹಳ್ಳ. ತಿಳಿ ನೀಲಿ ಫಿಲ್ಟರ್ ಹಾಕಿದರೆ ಇನ್ನೂ ಸ್ಪಷ್ಟ. ಈ ಚಂಡಮಾರುತ ಕುಗ್ಗುತ್ತಿದೆ. 1979ರಲ್ಲಿ ವಾಯೇಜರ್ ನೌಕೆಗಳು ಹೋದಾಗ ಅದರ ಅಗಲ ಸುಮಾರು 23,000 ಕಿ.ಮೀ. ಇತ್ತು. ಈಗ 16,000ಕ್ಕಿಂತ ಹೆಚ್ಚಿಲ್ಲ. ಆದರೂ ಭೂಮಿಗಿಂತ ಅಗಲವೇ.

ಚಂದ್ರರ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ.

ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಗೆಲಿಲಿಯೋ 1610ರ ಜನವರಿ 7ರಿಂದ ಇವುಗಳ ಜಾಗವನ್ನು ರಾತ್ರಿ ರಾತ್ರಿ ಬರೆದಿಟ್ಟ. ಇವು ಗುರುವಿನ ಸುತ್ತ ಸುತ್ತುತ್ತಿವೆ ಎಂದು ಕಂಡುಕೊಂಡದ್ದು ಹಾಗೆ ಬರೆದಿಟ್ಟದ್ದರಿಂದಲೇ. ನಾನೂ ಹಾಗೇ ಮಾಡಿದೆ. ಆ್ಯಪ್ ನೋಡಿದರೆ ಯಾವ ಚುಕ್ಕಿ ಯಾವುದು ಅಂತ ತಕ್ಷಣ ಹೇಳುತ್ತದೆ. ಆದರೆ ನೀವೇ ಕಂಡುಹಿಡಿಯುವ ಸುಖ ಹೋಗುತ್ತದೆ. ಚೌಕುಳಿ ಪುಸ್ತಕ ತಂದು, ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ, ಅದು ಗುರು. ಪ್ರತಿ ಸಾಲು ಒಂದು ಹೊತ್ತು. ಗುರುವಿನ ಅಗಲವನ್ನೇ ಅಳತೆಯಾಗಿಟ್ಟುಕೊಂಡು ಪ್ರತಿ ಚಂದ್ರ ಎಷ್ಟು ದೂರ, ಯಾವ ಕಡೆ ಅಂತ ಚುಕ್ಕಿ ಹಾಕುವುದು.

ಇಲ್ಲಿ ದಿಕ್ಕಿನ ಗೊಂದಲ ಬರುತ್ತದೆ. ಪುಸ್ತಕದ ಚಿತ್ರಗಳಲ್ಲಿ ಚಂದ್ರರು ಅಡ್ಡ ಸಾಲಿನಲ್ಲಿರುತ್ತಾರೆ. ನಮ್ಮ ಊರಿನಿಂದ ಸಂಜೆ ಪೂರ್ವದಲ್ಲಿ ಬೈನಾಕ್ಯುಲರಿನಲ್ಲಿ ನೋಡಿದರೆ ಸಾಲು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ನಾವು ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಆಕಾಶ ನೇರವಾಗಿ ಮೇಲೇರುತ್ತದೆ, ಚಂದ್ರರ ಸಾಲೂ ಅದೇ ದಾರಿಯಲ್ಲಿ. ಟೆಲಿಸ್ಕೋಪಿನಲ್ಲಂತೂ ಚಿತ್ರ ತಲೆಕೆಳಗು. ಉಪಾಯ ಇಷ್ಟೇ: ಟೆಲಿಸ್ಕೋಪನ್ನು ಮುಟ್ಟದೆ ಬಿಡಿ. ಗ್ರಹ ತಾನೇ ಜಾರುತ್ತದೆ. ಯಾವ ಕಡೆ ಜಾರಿ ಹೊರಹೋಗುತ್ತದೋ ಅದು ಪಶ್ಚಿಮ.

ಒಂದೆರಡು ವಾರ ಚುಕ್ಕಿ ಹಾಕಿದ ಮೇಲೆ ಪುಸ್ತಕದಲ್ಲಿ ಅಲೆಗಳು ಎದ್ದವು. ಎಲ್ಲಕ್ಕಿಂತ ದೂರ ಹೋಗಿ ನಿಧಾನವಾಗಿ ತಿರುಗಿ ಬರುವ ಮಂಕು ಚುಕ್ಕಿ ಕ್ಯಾಲಿಸ್ಟೊ, ಒಂದು ಸುತ್ತಿಗೆ 16.7 ದಿನ. ಎಲ್ಲಕ್ಕಿಂತ ಹೊಳೆಯುವುದು ಗ್ಯಾನಿಮೀಡ್, 7.15 ದಿನ. ಯುರೋಪಾಗೆ 3.55 ದಿನ. ಅಯೋಗೆ ಬರೀ 1.77 ದಿನ. ಅಯೋ ರಾತ್ರಿಗೊಂದು ಸಲ ನೋಡಿದರೆ ಸಿಗುವುದೇ ಇಲ್ಲ, ಚುಕ್ಕಿಗಳು ಎಲ್ಲೆಲ್ಲೋ ಬೀಳುತ್ತವೆ. ಗಂಟೆಗೆ ಸುಮಾರು 62,000 ಕಿ.ಮೀ. ಓಡುವ ಚಂದ್ರ ಅದು. ಒಂದು ತಾಕು ನೀರು ಕುಡಿಯುವಷ್ಟರಲ್ಲಿ ಗುರುವಿನ ಅರ್ಧ ಅಗಲದಷ್ಟು ಸರಿದಿರುತ್ತದೆ. ಸನಿಕೆ ಹಿಡಿದು ಮಡೆ ತಿರುಗಿಸಿ ಬಂದು ಮತ್ತೆ ಕಣ್ಣಿಟ್ಟರೆ ಅದು ಅಲ್ಲಿರುವುದಿಲ್ಲ! ಇದನ್ನು ಮೊದಲ ಸಲ ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ದಿನಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಗ್ಯಾನಿಮೀಡ್ ಒಂದು ಸುತ್ತು ಹಾಕುವಾಗ ಯುರೋಪಾ ಎರಡು, ಅಯೋ ನಾಲ್ಕು. ಈ ತಾಳ ತಪ್ಪುವುದಿಲ್ಲ. ಈ ಮೂರೂ ಗುರುವಿನ ಒಂದೇ ಪಕ್ಕಕ್ಕೆ ಒಂದೇ ಗೆರೆಯಲ್ಲಿ ಎಂದೂ ಬರುವುದಿಲ್ಲ. ಈ ತಾಳದಿಂದಾಗಿ ಅಯೋದ ದಾರಿ ಪೂರ್ತಿ ವೃತ್ತವಾಗಲು ಯುರೋಪಾ ಬಿಡುವುದಿಲ್ಲ. ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಆಗುತ್ತಾ ಅಯೋ ಹಿಗ್ಗುತ್ತದೆ, ಕುಗ್ಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಬಿಸಿಯಾಗುತ್ತದೆ ಅಲ್ವಾ, ಹಾಗೆ. ಒಳಗೆ ಕಲ್ಲು ಕರಗಿ ನಾನೂರಕ್ಕೂ ಹೆಚ್ಚು ಜ್ವಾಲಾಮುಖಿಗಳು ಎದ್ದಿವೆ. 1979ರ ಮಾರ್ಚಿನಲ್ಲಿ ಮೂವರು ವಿಜ್ಞಾನಿಗಳು ಅಯೋದ ಒಳಗೆ ಕಲ್ಲು ಕರಗಿರಬೇಕು ಎಂದು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವಾಯೇಜರ್ 1 ಕಳಿಸಿದ ಚಿತ್ರದಲ್ಲಿ ನಾಸಾದ ಎಂಜಿನಿಯರ್ ಲಿಂಡಾ ಮೊರಾಬಿಟೊ ಅಯೋದ ಅಂಚಿನಿಂದ ಮೇಲೆದ್ದ ಹೊಗೆಯ ಬುಗ್ಗೆಯನ್ನು ಕಂಡರು. ಲೆಕ್ಕ ಹಾಕಿ ಹೇಳಿದ್ದು ಅಷ್ಟು ಬೇಗ ನಿಜವಾಗುವುದು ಎಂಥ ಖುಷಿ!

ಪಕ್ಕದ ಯುರೋಪಾದಲ್ಲಿ ಇದೇ ಬಿಸಿ ಬೇರೆ ಕೆಲಸ ಮಾಡುತ್ತದೆ. ಮೇಲೆ ಮಂಜುಗಡ್ಡೆ, ಅದರ ಕೆಳಗೆ ಉಪ್ಪು ನೀರಿನ ಸಮುದ್ರ ಇದೆ ಅನ್ನುವುದಕ್ಕೆ ಬಲವಾದ ಪುರಾವೆಗಳಿವೆ. ಗ್ಯಾನಿಮೀಡ್ ಬುಧ ಗ್ರಹಕ್ಕಿಂತ ದೊಡ್ಡದು, 5,268 ಕಿ.ಮೀ. ಅಗಲ. ತನ್ನದೇ ಕಾಂತಕ್ಷೇತ್ರ ಇರುವ ಒಂದೇ ಚಂದ್ರ ಅದು. ಅದರ ಕಥೆಯಲ್ಲಿ ನಮ್ಮ ಕಡೆಯ ಪಾಲೂ ಇದೆ. 1972ರ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋದದ್ದನ್ನು ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದಲೂ ನೋಡಿ, ಅದಕ್ಕೆ ತೆಳು ವಾತಾವರಣ ಇರಬಹುದೆಂದು ಹೇಳಿದ್ದರು. ಕ್ಯಾಲಿಸ್ಟೊ ಕುಳಿಗಳಿಂದ ತುಂಬಿದ ಬಹಳ ಹಳೆಯ ನೆಲ.

ಕಣ್ಣಿಗೆ ಹಬ್ಬ ಎಂದರೆ ನೆರಳು. ಅಯೋ ಗುರುವಿನ ಮುಂದೆ ಹಾಯುವಾಗ ಅದರ ನೆರಳು ಮೋಡಗಳ ಮೇಲೆ ಕಪ್ಪು ಚುಕ್ಕಿಯಾಗಿ ಸರಿಯುತ್ತದೆ. 120 ಪಟ್ಟಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕಿಂತಲೂ ನನಗೆ ಇಷ್ಟ ಗ್ರಹಣ. ಜನವರಿ ಕಳೆದ ಮೇಲೆ ಗುರುವಿನ ನೆರಳು ಪೂರ್ವದ ಕಡೆ ವಾಲಿತು. ಅಯೋ ಗ್ರಹದ ಹಿಂದಿನಿಂದ ಬಂದರೂ ಇನ್ನೂ ನೆರಳಿನಲ್ಲೇ ಇರುತ್ತದೆ. ಆಮೇಲೆ ಏನೂ ಇಲ್ಲದ ಕಪ್ಪು ಜಾಗದಲ್ಲಿ ಮೆಲ್ಲಗೆ ಹೊತ್ತಿಕೊಳ್ಳುತ್ತದೆ. ಪೂರ್ತಿ ಬೆಳಗಲು ಮೂರೂವರೆ ನಿಮಿಷ. ಮಗಳು ನೋಡುತ್ತಾ ಕೂಗಿದಳು: "ಅಪ್ಪಾ, ಮೂರೇ ಇದ್ವು, ಇಲ್ಲೊಂದು ಈಗ ಹುಟ್ಟಿತು!" ಪಕ್ಕದ ಜಮೀನಿನ ಚಿಕ್ಕಪ್ಪನೂ ಬಂದು ಕಣ್ಣಿಟ್ಟರು. "ಅದೇನ್ಲಾ ಮಗಾ, ನಾವೂ ದಿನಾ ನೋಡೋ ಚುಕ್ಕೀಲಿ ಇಷ್ಟೆಲ್ಲ ನಡೀತಾ ಐತಾ?" ಎಂದು ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

ಈ ಗ್ರಹಣಗಳ ಹೊತ್ತನ್ನು ಫೋನಿನ ಗಡಿಯಾರ ನೋಡಿ ಬರೆದಿಟ್ಟೆ. ಎರಡು ಅಯೋ ಗ್ರಹಣಗಳ ನಡುವೆ ಸರಾಸರಿ 42 ಗಂಟೆ 28 ನಿಮಿಷ 36 ಸೆಕೆಂಡ್. ಜನವರಿ ಕೊನೆಯ ಒಂದು ಗ್ರಹಣದಿಂದ ಎಣಿಸುತ್ತಾ ಹೋದರೆ ಏಪ್ರಿಲ್ ಮೊದಲ ವಾರದ ಗ್ರಹಣ ಎಷ್ಟು ಹೊತ್ತಿಗೆ ಆಗಬೇಕು ಅಂತ ಗೊತ್ತಾಗುತ್ತದೆ. ನನ್ನ ಪುಸ್ತಕದಲ್ಲಿ ಅದು ಆರೇಳು ನಿಮಿಷ ತಡ. ಅಷ್ಟರಲ್ಲಿ ಭೂಮಿ ಗುರುವಿನಿಂದ ಹನ್ನೆರಡು ಕೋಟಿ ಕಿಲೋಮೀಟರಿಗಿಂತ ಹೆಚ್ಚು ದೂರ ಸರಿದಿತ್ತು. ಬೆಳಕು ಆ ದೂರವನ್ನೂ ದಾಟಿ ಬರಬೇಕಲ್ಲ. ಬೆಳಕಿಗೂ ವೇಗ ಇದೆ ಎಂದು ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಓಲೆ ರೋಮರ್ ಪ್ಯಾರಿಸ್ಸಿನಲ್ಲಿ 1676ರಲ್ಲಿ ತೋರಿಸಿದ್ದು ಇದೇ ತಡವನ್ನು ಹಿಡಿದು. ಕಬ್ಬಿನ ಹೊಲದಲ್ಲಿ ಕೂತು, ಆರು ಇಂಚಿನ ಕನ್ನಡಿಯಲ್ಲಿ ಅದನ್ನು ನಾನೇ ಕಂಡೆ ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

2023ರ ಏಪ್ರಿಲಿನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ, 2024ರ ಅಕ್ಟೋಬರಿನಲ್ಲಿ ಹೊರಟ ನಾಸಾದ ಯುರೋಪಾ ಕ್ಲಿಪ್ಪರ್ ಎರಡೂ ಈಗ ದಾರಿಯಲ್ಲಿವೆ. ಕ್ಲಿಪ್ಪರ್ 2030ಕ್ಕೆ, ಜ್ಯೂಸ್ 2031ಕ್ಕೆ ಗುರುವನ್ನು ಮುಟ್ಟಬೇಕು. ಅದಕ್ಕಿಂತ ಮೊದಲು ನಮ್ಮಂಥವರಿಗೂ ಒಂದು ಅವಕಾಶ ಇದೆ. ಚಂದ್ರರ ಸಾಲನ್ನು ನಾವು ಸರಿಯಾಗಿ ಪಕ್ಕದಿಂದ ನೋಡುವ ಕಾಲ ಆರು ವರ್ಷಕ್ಕೊಮ್ಮೆ ಬರುತ್ತದೆ. ಆಗ ಒಂದು ಚಂದ್ರ ಇನ್ನೊಂದನ್ನು ಮರೆಮಾಡುತ್ತದೆ, ತನ್ನ ನೆರಳನ್ನು ಅದರ ಮೇಲೆ ಹಾಕುತ್ತದೆ. ಈ ಸಲ ಅದು 2026 ಮತ್ತು 2027ರಲ್ಲಿ. ಗುರು ಮತ್ತೆ ಸೂರ್ಯನ ಎದುರಿಗೆ ಬರುವುದು 2027ರ ಫೆಬ್ರವರಿಯಲ್ಲಿ, ಆಗಲೂ ನಮಗೆ ಸಾಕಷ್ಟು ಎತ್ತರದಲ್ಲೇ ಸಿಗುತ್ತದೆ. ಮಗಳು ಐಪೀಸಿಗೆ ಫೋನ್ ಕಟ್ಟಿ ವಿಡಿಯೋ ಮಾಡುವುದನ್ನು ಕಲಿಯುತ್ತಿದ್ದಾಳೆ. ಎರಡು ಚುಕ್ಕಿ ಸೇರಿದಾಗ ಬೆಳಕು ಎಷ್ಟು ಕುಗ್ಗುತ್ತದೆ ಅಂತ ಅದರಲ್ಲಿ ಅಳೆಯಬೇಕು. ಚೌಕುಳಿ ಪುಸ್ತಕ ಹೊಸದು ತಂದಾಗಿದೆ.