ಅಡುಗೆಮನೆಯ ಗ್ರಾನೈಟ್ ಮೇಲೆ ಕಟ್ಟಿದ ಗ್ಲೈಡರ್ ರೆಕ್ಕೆ

ಗುಂಡುಸೂಜಿ ಚುಚ್ಚಲಾಗದ ಕಲ್ಲಿನ ಮೇಲೆ ಬಾಲ್ಸಾ ಎಂಬ ಹಗುರ ಮರದ ರೆಕ್ಕೆ ಕಟ್ಟುತ್ತೇನೆಂದಾಗ ನಕ್ಕವರೇ ಹೆಚ್ಚು. ಆದರೆ ನನ್ನ 2 ಮೀಟರ್ ರೇಡಿಯೊ ಗ್ಲೈಡರ್ (ರೇಡಿಯೊದಿಂದ ನಿಯಂತ್ರಿಸುವ, ಎಂಜಿನ್ ಇಲ್ಲದ ಮಾದರಿ ವಿಮಾನ) ಕಿಟ್‌ನ ಮೂರನೆಯ ರೆಕ್ಕೆ ನೆಟ್ಟಗೆ ಬಂದದ್ದು ಅಲ್ಲಿಯೇ.

ಮೊದಲನೆಯದನ್ನು ಎಲ್ಲರಂತೆ ಸಾಫ್ಟ್‌ಬೋರ್ಡಿನ ಮೇಲೆ, ಅಂಟು ಒಣಗುವವರೆಗೆ ತುಂಡುಗಳನ್ನು ಗುಂಡುಸೂಜಿಯಿಂದ ಚುಚ್ಚಿ ಹಿಡಿದು ಕಟ್ಟಿದ್ದೆ. ಶಿವಮೊಗ್ಗದ ಜುಲೈ ಮಳೆಗೆ ಬೋರ್ಡು ತೇವ ಹೀರಿ ಉಬ್ಬಿದ್ದು ನನಗೆ ತಿಳಿಯಲಿಲ್ಲ. ಕಾಯಿಸಿದರೆ ಬಿಗಿಯಾಗುವ ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ ನೋಡಿದರೆ ಬಲ ತುದಿಯ ಹಿಂಬದಿಯ ಅಂಚು ಸುಮಾರು 4 ಮಿ.ಮೀ. ಕೆಳಗಿಳಿದಿತ್ತು. ಇಸ್ತ್ರಿ ಕಾಯಿಸಿ ತಿರುಚಿದರೂ ರೆಕ್ಕೆಯ ಮುಂಭಾಗದ ಮುಚ್ಚಿದ ಪೆಟ್ಟಿಗೆ, ಅಂದರೆ ಡಿ-ಬಾಕ್ಸ್, ಒಮ್ಮೆ ಅಂಟಿಕೊಂಡ ಮೇಲೆ ಫಿಲ್ಮಿನ ಬಿಗಿತಕ್ಕೆ ಅದು ಬಗ್ಗುವುದಿಲ್ಲ. ಮೂರನೆಯ ಹಾರಾಟದಲ್ಲಿ, ನಿಧಾನವಾಗಿ ತಿರುಗುವಾಗ ಬಲ ರೆಕ್ಕೆ ಸ್ಟಾಲ್ ಆಗಿ, ಅಂದರೆ ಗಾಳಿಯ ಎತ್ತುವಿಕೆ ಕಳೆದುಕೊಂಡು, ಗ್ಲೈಡರ್ ಸುತ್ತುತ್ತ ಬಂದು ನೆಲಕ್ಕೆ ಬಡಿಯಿತು. ಕಿಟ್‌ಗೆ ಸುಮಾರು 11,000, ಕೊರಿಯರ್ ಮತ್ತು ಸುಂಕಕ್ಕೆ 4,000 ರೂಪಾಯಿ ಆಗಿತ್ತು. ರೆಕ್ಕೆಯ ಜೊತೆಗೆ ಒಂದು ಸರ್ವೊ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರ್) ಕೂಡ ಹೋಯಿತು.

ಎರಡನೆಯದಕ್ಕೆ ಸ್ಪ್ರೂಸ್ ಮರ ಸಿಗದೆ, ಮೇದರರ ಕೇರಿಯಿಂದ ತಂದ ಬಿದಿರಿನ ಸೀಳುಗಳನ್ನೇ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆ) ಮಾಡಿದೆ. ಬಿದಿರು ಮುರಿಯಲಿಲ್ಲ, ನಿಜ. ಆದರೆ ಎಡ ಬಲದ ಸೀಳುಗಳ ಬಿಗಿತ ಒಂದೇ ಸಮನಾಗಿರದೆ, ಎಳೆದು ಏರಿಸುವಾಗ ಒಂದು ರೆಕ್ಕೆ ಹೆಚ್ಚು ಬಾಗಿ ಗ್ಲೈಡರ್ ಓರೆಗೆ ಓಡುತ್ತಿತ್ತು. ತೂಕವೂ 40 ಗ್ರಾಂ ಹೆಚ್ಚು.

ಕೊನೆಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟೆ. ಬೆಳಕು ಎಲ್ಲಿಯೂ ಸೋರಲಿಲ್ಲ. ಸೂಜಿಗೆ ಬದಲಾಗಿ ಹಳೆಯ ಕಿರಾಣಿ ಅಂಗಡಿಯ ತೂಕದ ಬಟ್ಟುಗಳು, ಅರ್ಧ ಕೆ.ಜಿ.ಯವು ಹನ್ನೆರಡು, ಕೆಳಗಿನ ಸ್ಪಾರನ್ನೂ ಹಿಂಬದಿಯ ಅಂಚನ್ನೂ ಒತ್ತಿ ಹಿಡಿದವು. ತುದಿಯ ಪ್ಯಾನೆಲ್‌ಗಳ ಹಿಂಬದಿಗೆ 3 ಮಿ.ಮೀ. ಪಟ್ಟಿ ಕೊಟ್ಟು ವಾಶ್‌ಔಟ್, ಅಂದರೆ ತುದಿ ಮೊದಲು ಸ್ಟಾಲ್ ಆಗದಂತೆ ಹಿಂಬದಿಯನ್ನು ಕೊಂಚ ಮೇಲೆತ್ತಿದ ತಿರುಚು, ತಂದೆ. ಡಿ-ಬಾಕ್ಸನ್ನು ಮುಚ್ಚುವ ಮೇಲಿನ ಹೊದಿಕೆಯನ್ನೂ ಕಲ್ಲಿನಿಂದ ಎತ್ತುವ ಮೊದಲೇ ಅಂಟಿಸಿ ಎರಡು ರಾತ್ರಿ ಬಿಟ್ಟೆ, ಮುಖ್ಯವಾದದ್ದು ಇದೇ. ಸೂಜಿಯಿಲ್ಲದೆ ರಿಬ್‌ಗಳನ್ನು (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳು) ಲಂಬವಾಗಿ ನಿಲ್ಲಿಸಿದ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಸಮತೋಲಕ್ಕೆ ಮೂಗಿನಲ್ಲಿಟ್ಟ ಸೀಸವೂ ಸೇರಿ ಗ್ಲೈಡರ್‌ನ ಒಟ್ಟು ತೂಕ 790 ಗ್ರಾಂ ಆಸುಪಾಸು, ಒಟ್ಟು ಖರ್ಚು 22,000 ದಾಟಿರಬೇಕು. ಜನವರಿಯಲ್ಲಿ ಒಣಗಿದ ಕೆರೆಯಂಗಳದಿಂದ ರಬ್ಬರ್ ಕೊಳವೆಯಲ್ಲಿ ಎಳೆದು ಬಿಟ್ಟಾಗ, ಎರಡು ಹದ್ದುಗಳು ಸುತ್ತುತ್ತಿದ್ದ ಬಿಸಿಗಾಳಿಗೆ ಸೇರಿಕೊಂಡು 14 ನಿಮಿಷ ಕೆಳಗಿಳಿಯಲಿಲ್ಲ. ನಕ್ಕವರಲ್ಲಿ ಇಬ್ಬರು ಅಂದು ಅಲ್ಲಿಯೇ ಇದ್ದರು.

ಈಗ 3 ಮೀಟರ್ ಕಿಟ್ ಬಂದಿದೆ. ಅದರ ನಡುವಿನ ಪ್ಯಾನೆಲ್ ಗ್ಯಾಸ್ ಒಲೆಯವರೆಗೂ ಚಾಚುವುದರಿಂದ, ಮನೆಯವರು ಊರಿಗೆ ಹೋಗುವ ದಿನಕ್ಕಾಗಿ ಕಾಯುತ್ತಿದ್ದೇನೆ.